ಹಳೆಯ ಕಾರು ಮತ್ತು ಕಾಣೆಯಾದ ಕಿಡಿ

ಪೆಟ್ರೋಲಿನಿಂದ ನಡೆಯುವ ಎಂಜಿನಿಗೆ ಬೇಕಾದುವು ಮುಖ್ಯವಾಗಿ ಮೂರು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲಿನ ಆವಿ, ಆ ಮಿಶ್ರಣವನ್ನು ಅದುಮಿ ಹಿಡಿಯುವ ಒತ್ತಡ, ತಕ್ಕ ಕ್ಷಣದಲ್ಲಿ ಹಾರುವ ಒಂದು ಕಿಡಿ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಎಂಜಿನು ಮಿಸುಕದು. ಒತ್ತಡವು ಒಂದೇ ರಾತ್ರಿಯಲ್ಲಿ ಕೈಕೊಡುವುದು ಅಪರೂಪ. ತಿಂಗಳುಗಟ್ಟಲೆ ಮುನ್ಸೂಚನೆ ಕೊಟ್ಟು ಮೆಲ್ಲಮೆಲ್ಲನೆ ಕುಗ್ಗುತ್ತದೆ. ಪೆಟ್ರೋಲು ಬರುತ್ತಿದೆಯೆ ಇಲ್ಲವೆ ಎಂಬುದನ್ನು ಕಣ್ಣಿನಿಂದಲೂ ಮೂಗಿನಿಂದಲೂ ತಿಳಿಯಬಹುದು. ಕಿಡಿ ಮಾತ್ರ ಹೇಳದೆ ಕೇಳದೆ ಮಾಯವಾಗುವಂಥದು. ನಿನ್ನೆ ಸಂಜೆ ಊರೆಲ್ಲ ಸುತ್ತಿ ಬಂದ ಕಾರು ಇಂದು ಬೆಳಗ್ಗೆ ಸೆಲ್ಫ್ ಹೊಡೆದಷ್ಟೂ ಗಿರಗಿರನೆ ತಿರುಗಿ ಸುಮ್ಮನಾದರೆ ನಮ್ಮ ಸಂದೇಹ ಮೊದಲು ಹರಿಯಬೇಕಾದುದು ಕಿಡಿಯ ಕಡೆಗೇ.

ನಾವು ಇಲ್ಲಿ ಹೇಳಹೊರಟಿರುವುದು ಅಂಬಾಸಡರ್, ಪದ್ಮಿನಿಗಳಂಥ ಹಳೆಯ ಪೆಟ್ರೋಲ್ ಕಾರುಗಳ ಸಂಗತಿ. (ಡೀಸೆಲ್ ಅಂಬಾಸಡರ್ ಇಟ್ಟುಕೊಂಡವರು ಇಲ್ಲಿಂದ ಮುಂದೆ ಓದಬೇಕಾದುದಿಲ್ಲ, ಡೀಸೆಲ್ ಎಂಜಿನಿನಲ್ಲಿ ಕಿಡಿಯೇ ಇಲ್ಲ.) ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಮರೆಯಾದುವು. ಆದರೂ ಅಜ್ಜನ ಕಾಲದ ಕಾರೊಂದು ಹಿತ್ತಿಲ ಷೆಡ್ಡಿನಲ್ಲಿ ಧೂಳು ತಿನ್ನುತ್ತಿರುವ ಮನೆಗಳು ನಮ್ಮಲ್ಲಿ ಈಗಲೂ ಕಡಮೆಯೇನಲ್ಲ. ವಿದ್ಯಾರ್ಥಿಗೆ ಅಂಥ ಕಾರು ಒಂದು ಭಾಗ್ಯವೆಂದೇ ನಮ್ಮ ಅಭಿಪ್ರಾಯ. ಇಂದಿನ ಕಾರಿನಲ್ಲಿ ಗಣಕಯಂತ್ರವೊಂದು ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತು ಪ್ರತಿಯೊಂದು ಪ್ಲಗ್ಗಿಗೂ ಕಿಡಿಯ ಆಜ್ಞೆಯನ್ನು ಕಳುಹಿಸುತ್ತದೆ. ಹಳೆಯ ಕಾರಿನಲ್ಲಾದರೋ ಪ್ರತಿಯೊಂದು ಭಾಗವನ್ನೂ ಕೈಯಿಂದ ಮುಟ್ಟಿ ನೋಡಬಹುದು. ಪಠ್ಯಪುಸ್ತಕದಲ್ಲಿ ಓದಿದ ಫ್ಯಾರಡೆಯ ನಿಯಮವು ಬಾನೆಟ್ಟಿನ ಕೆಳಗೆ ದುಡಿಯುವುದನ್ನು ಕಣ್ಣಾರೆ ಕಾಣಬಹುದು.

ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ಸಂಗತಿ ಸರಳವಾದುದು: ಸುರುಳಿಯೊಂದರ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ಆ ಸುರುಳಿಯಲ್ಲಿ ವಿದ್ಯುಚ್ಚಾಲಕ ಬಲ ಹುಟ್ಟುತ್ತದೆ, ಬದಲಾವಣೆ ಎಷ್ಟು ಶೀಘ್ರವೋ ಬಲ ಅಷ್ಟು ಹೆಚ್ಚು. ಐದು ವರ್ಷಗಳ ಬಳಿಕ, 1836ರಲ್ಲಿ, ಐರ್ಲೆಂಡಿನ ಮೇನೂತ್‌ನಲ್ಲಿ ಪಾದ್ರಿಯೂ ಪ್ರಾಧ್ಯಾಪಕನೂ ಆಗಿದ್ದ ನಿಕೊಲಸ್ ಕ್ಯಾಲನ್ ಈ ನಿಯಮದ ಆಧಾರದಿಂದ ಪ್ರೇರಣ ಸುರುಳಿಯನ್ನು ರಚಿಸಿದನು. ಪ್ಯಾರಿಸಿನ ರುಮ್‌ಕಾರ್ಫ್ ಅದನ್ನು ಬಹಳವಾಗಿ ಸುಧಾರಿಸಿದನು. 1860ರಲ್ಲಿ ಲೆನ್ವಾರ್ ತನ್ನ ಅನಿಲ ಎಂಜಿನಿಗೆ ಕಿಡಿ ಹಾರಿಸಿದುದು ಇಂಥ ಸುರುಳಿಯಿಂದಲೇ. ಮುಂದೆ 1902ರಲ್ಲಿ ಜರ್ಮನಿಯಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆಯಿಂದ, ಹೊನೋಲ್ಡ್ ಎಂಬ ಎಂಜಿನಿಯರನು ರೂಪಿಸಿದ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಹೊರಬಂದಿತು. ಬೆಂಗಳೂರಿನ ಹಿರಿಯರು ಮೈಕೋ ಎಂದು ಕರೆಯುವ, ಸ್ಪಾರ್ಕ್ ಪ್ಲಗ್ಗುಗಳಿಗೆ ಹೆಸರಾದ ಕಾರ್ಖಾನೆ ಬೆಳೆದುದು ಅದೇ ಬಾಷ್ ಸಂಸ್ಥೆಯ ಸಹಯೋಗದಿಂದ. ಬ್ಯಾಟರಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್‌ಗಳ ಇಂದಿನ ಪರಿಚಿತ ಜೋಡಣೆಯನ್ನು 1910ರ ಸುಮಾರಿಗೆ ಬಳಕೆಗೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಆತನ ವ್ಯವಸ್ಥೆ ಸ್ವಲ್ಪವೇ ಬದಲಾವಣೆಗಳೊಡನೆ ಆರು ದಶಕಗಳಿಗೂ ಹೆಚ್ಚು ಕಾಲ ಜಗತ್ತಿನ ಕಾರುಗಳನ್ನು ನಡೆಸಿತು.

ಕಾಯಿಲ್ ಎಂಬುದು ಹೊರಗಿನಿಂದ ನೋಡುವುದಕ್ಕೆ ಒಂದು ಲೋಹದ ಡಬ್ಬಿ. ಒಳಗೆ ಮೃದು ಕಬ್ಬಿಣದ ತಿರುಳು. ಅದರ ಸುತ್ತ ಕೂದಲಿನಷ್ಟು ತೆಳುವಾದ ತಂತಿಯ ಸುಮಾರು 20,000 ಸುತ್ತುಗಳು. ಅದರ ಮೇಲೆ ದಪ್ಪ ತಂತಿಯ ಸುಮಾರು 200 ಸುತ್ತುಗಳು. ದಪ್ಪ ತಂತಿಯದು ಪ್ರಾಥಮಿಕ ಸುರುಳಿ, ತೆಳು ತಂತಿಯದು ದ್ವಿತೀಯಕ ಸುರುಳಿ. ಡಬ್ಬಿಯ ತಲೆಯ ಮೇಲೆ ಎರಡು ಚಿಕ್ಕ ತುದಿಗಳು, ನಡುವೆ ಒಂದು ಆಳವಾದ ಕುಳಿ. ಚಿಕ್ಕ ತುದಿಗಳಲ್ಲೊಂದಕ್ಕೆ ಇಗ್ನಿಷನ್ ಸ್ವಿಚ್ಚಿನಿಂದ ಬ್ಯಾಟರಿಯ ವಿದ್ಯುತ್ತು ಬರುತ್ತದೆ. ಮತ್ತೊಂದರಿಂದ ಹೊರಟ ತಂತಿ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳಿಗೆ ಹೋಗಿ, ಅವು ಮುಚ್ಚಿರುವಾಗ ಎಂಜಿನಿನ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ನಡುವಣ ಕುಳಿಯಿಂದ ಹೊರಡುವುದು ದಪ್ಪ ಹೊದಿಕೆಯ ಹೈಟೆನ್ಷನ್ ತಂತಿ.

ಇಲ್ಲಿ ಒಂದು ಪ್ರಶ್ನೆ. ಸುತ್ತುಗಳ ಪ್ರಮಾಣ ಒಂದಕ್ಕೆ ನೂರು. ಬ್ಯಾಟರಿಯದು 12 ವೋಲ್ಟ್. ಹಾಗಾದರೆ ಸಿಕ್ಕಬೇಕಾದುದು 1,200 ವೋಲ್ಟ್ ತಾನೆ? ಪ್ಲಗ್ಗಿನ ಅಂತರವನ್ನು ದಾಟಲು ಬೇಕಾದ ಹತ್ತಿಪ್ಪತ್ತು ಸಾವಿರ ವೋಲ್ಟ್ ಎಲ್ಲಿಂದ ಬಂದಿತು? ಕಾಲೇಜು ವಿದ್ಯಾರ್ಥಿಗಳಲ್ಲಿಯೂ ಹಲವರು ಇಲ್ಲಿ ತಡವರಿಸುವುದನ್ನು ನಾವು ಕಂಡಿದ್ದೇವೆ. ಉತ್ತರ ಪಾಯಿಂಟುಗಳು ತೆರೆಯುವ ಕ್ಷಣದಲ್ಲಿ ಅಡಗಿದೆ. ಪಾಯಿಂಟುಗಳು ಮುಚ್ಚಿರುವಾಗ ಪ್ರಾಥಮಿಕ ಸುರುಳಿಯಲ್ಲಿ ಸುಮಾರು 4 ಆಂಪಿಯರ್ ಪ್ರವಾಹ ಹರಿದು ತಿರುಳಿನಲ್ಲಿ ಕಾಂತಶಕ್ತಿ ಶೇಖರವಾಗುತ್ತದೆ. ಪಾಯಿಂಟುಗಳು ತೆರೆದೊಡನೆ ಪ್ರವಾಹ ಕಡಿಯುತ್ತದೆ, ಕಾಂತಕ್ಷೇತ್ರ ಕುಸಿದು ಬೀಳುತ್ತದೆ. ಈ ಕುಸಿತದ ವೇಗದಿಂದ ಪ್ರಾಥಮಿಕ ಸುರುಳಿಯಲ್ಲಿಯೇ 250ರಿಂದ 300 ವೋಲ್ಟ್ ಏಳುತ್ತದೆ. ಇದನ್ನು ನೂರರಿಂದ ಗುಣಿಸಿ ನೋಡಿದರೆ ಲೆಕ್ಕ ಸರಿಹೋಗುತ್ತದೆ. ಪ್ಲಗ್ಗಿನ ಕಿಡಿಯನ್ನು ಹುಟ್ಟಿಸುವುದು ವಿದ್ಯುತ್ತಿನ ಹರಿವಲ್ಲ, ಹರಿಯುತ್ತಿದ್ದುದು ಹಠಾತ್ತನೆ ನಿಂತದ್ದು.

ಆ ನಿಲುಗಡೆ ಹಠಾತ್ತಾಗಿರುವಂತೆ ನೋಡಿಕೊಳ್ಳುವುದೇ ಕಂಡೆನ್ಸರಿನ ಕೆಲಸ. ಅದರ ಧಾರಣಶಕ್ತಿ ಮೈಕ್ರೊಫ್ಯಾರಡಿನ ಐದನೆಯ ಒಂದು ಭಾಗದಷ್ಟು ಮಾತ್ರ. ಅದು ಇಲ್ಲದಿದ್ದರೆ ತೆರೆಯುತ್ತಿರುವ ಪಾಯಿಂಟುಗಳ ನಡುವೆಯೇ ವಿದ್ಯುತ್ತು ಕಿಡಿಯಾಗಿ ಜಿಗಿಯುತ್ತ ಹರಿದು ಪ್ರವಾಹ ನಿಧಾನವಾಗಿ ಕಡಮೆಯಾಗುತ್ತದೆ. ಶೇಖರವಾದ ಶಕ್ತಿ ಅಲ್ಲಿಯೇ ಸುಟ್ಟುಹೋಗುತ್ತದೆ. ಪ್ಲಗ್ಗಿಗೆ ತಲುಪುವುದು ಏನೂ ಇಲ್ಲ.

ಶಕ್ತಿಯ ಮೊತ್ತವನ್ನೂ ನೋಡೋಣ. ಪ್ರಾಥಮಿಕ ಸುರುಳಿಯ ಸ್ವಪ್ರೇರಣೆ 8 ಮಿಲಿಹೆನ್ರಿ, ಪ್ರವಾಹ 4 ಆಂಪಿಯರ್ ಎಂದಿಟ್ಟುಕೊಂಡರೆ ಶೇಖರವಾಗುವ ಶಕ್ತಿ 0.064 ಜೂಲ್. ಆರೂವರೆ ಗ್ರಾಂ ತೂಕದ ವಸ್ತುವನ್ನು ಒಂದು ಮೀಟರು ಎತ್ತಲು ಬೇಕಾಗುವಷ್ಟು! ಇದು ಪ್ರವಾಹದ ವರ್ಗಕ್ಕೆ ಅನುಗುಣವಾದುದೆಂಬುದನ್ನು ಮರೆಯಬಾರದು. ಎಲ್ಲಿಯೋ ಒಂದು ತುಕ್ಕು ಹಿಡಿದ ಕೂಡಿಕೆಯಿಂದ ಪ್ರವಾಹ ಅರ್ಧಕ್ಕೆ ಇಳಿದರೆ ಕಿಡಿಯ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಹಳೆಯ ಕಾರಿನ ಬಹುಪಾಲು ಕಷ್ಟಗಳ ಮೂಲ ಇಲ್ಲಿದೆ.

ಇನ್ನು ಪರೀಕ್ಷೆಗೆ ಬರೋಣ. ಗೇರನ್ನು ನ್ಯೂಟ್ರಲ್ಲಿಗೆ ತಂದು ಹ್ಯಾಂಡ್ ಬ್ರೇಕ್ ಎಳೆಯಿರಿ. ಚೆಲ್ಲಿದ ಪೆಟ್ರೋಲಿನ ವಾಸನೆಯಿದ್ದರೆ ಅದು ಆರುವವರೆಗೆ ಕಾಯಿರಿ. ಹೈಟೆನ್ಷನ್ ತಂತಿಯನ್ನು ಬರಿಗೈಯಿಂದ ಹಿಡಿಯಬಾರದು. ಅದರ ಆಘಾತ ಸಾಮಾನ್ಯವಾಗಿ ಪ್ರಾಣ ತೆಗೆಯುವಂಥದಲ್ಲ. ಆದರೆ ಬೆಚ್ಚಿ ಹಿಂಜರಿದ ಕೈ ತಿರುಗುವ ಫ್ಯಾನಿಗೆ ಸಿಕ್ಕೀತು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಕೆಲಸದಿಂದ ದೂರವೇ ಇರಬೇಕು.

ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿಗೆ ಬರುವ ಹೈಟೆನ್ಷನ್ ತಂತಿಯನ್ನು ಕಿತ್ತು, ಒಂದು ಬಿಡಿ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ತಂತಿಯೊಂದರಿಂದ ಎಂಜಿನಿನ ಲೋಹಕ್ಕೆ ಭದ್ರವಾಗಿ ಕಟ್ಟಿ, ಕಾರ್ಬುರೇಟರಿನಿಂದ ದೂರದಲ್ಲಿಡಿ. ಮತ್ತೊಬ್ಬರು ಸೆಲ್ಫ್ ಹೊಡೆಯಲಿ. ಚಟಚಟನೆ ನೀಲಿ ಕಿಡಿ ಹಾರಿದರೆ ಕಾಯಿಲೂ ಅದರ ತಂತಿಗಳೂ ಸುಸ್ಥಿತಿಯಲ್ಲಿವೆ; ದೋಷ ಮುಂದೆ, ರೋಟರಿನಲ್ಲಿಯೋ ಮುಚ್ಚಳದಲ್ಲಿಯೋ ಪ್ಲಗ್ಗಿನ ತಂತಿಗಳಲ್ಲಿಯೋ ಇದೆ. ಮಳೆಗಾಲದಲ್ಲಿ ಮಲೆನಾಡಿನ ಕಡೆಯ ಕಾರುಗಳು ಮುಷ್ಕರ ಹೂಡುವುದು ಹೆಚ್ಚಾಗಿ ಮುಚ್ಚಳದೊಳಗಿನ ತೇವದಿಂದ. ಒಣ ಬಟ್ಟೆಯಿಂದ ಒರಸಿದರೆ ಸಾಕು. ಒಳಮೈಯಲ್ಲಿ ಪೆನ್ಸಿಲಿನ ಗೆರೆಯಂಥ ಕಪ್ಪು ಬಿರುಕು ಕಂಡರೆ ಮಾತ್ರ ಮುಚ್ಚಳವನ್ನೇ ಬದಲಿಸಬೇಕು. ಹೈಟೆನ್ಷನ್ ತಂತಿಯ ತುದಿಯನ್ನು ಗಾಳಿಯಲ್ಲಿ ಜೋತುಬಿಟ್ಟು ಸೆಲ್ಫ್ ಹೊಡೆಯುವ ಅಭ್ಯಾಸ ಕೆಲವರಿಗಿದೆ. ದಾರಿ ಕಾಣದ ವೋಲ್ಟೇಜು ಕಾಯಿಲಿನೊಳಗಿನ ಹೊದಿಕೆಯನ್ನೇ ತೂತುಮಾಡಿಕೊಂಡು ಹೊರಟೀತು.

ಕಿಡಿ ಹಾರದಿದ್ದರೆ ಕಾಯಿಲಿನ ಚಿಕ್ಕ ತುದಿಗಳ ಕಡೆ ನೋಡಬೇಕು. ಬ್ರಿಟನ್ನಿನ ಲೂಕಾಸ್ ಕಾಯಿಲುಗಳಲ್ಲಿ ಹಳೆಯವಕ್ಕೆ ‘ಎಸ್‌ಡಬ್ಲ್ಯೂ’, ‘ಸಿಬಿ’ ಎಂಬ ಗುರುತುಗಳಿರುತ್ತವೆ. ಮೊದಲನೆಯದು ಸ್ವಿಚ್ಚಿನ ಕಡೆ, ಎರಡನೆಯದು ಪಾಯಿಂಟುಗಳ ಕಡೆ. ಅದೇ ಪದ್ಧತಿಯಲ್ಲಿ ಸ್ವಿಚ್ಚಿನಿಂದ ಬರುವ ತಂತಿ ಬಿಳಿ; ಪಾಯಿಂಟುಗಳಿಗೆ ಹೋಗುವುದು ಕಪ್ಪು ಗೆರೆಯ ಬಿಳಿ. ಆದರೆ ಐವತ್ತು ವರ್ಷಗಳಲ್ಲಿ ಹತ್ತು ಕೈ ದಾಟಿದ ಕಾರಿನಲ್ಲಿ ಬಣ್ಣವನ್ನು ನಂಬುವುದು ಜಾಣತನವಲ್ಲ. ವೋಲ್ಟ್‌ಮೀಟರನ್ನು ನಂಬಿರಿ.

ಮೀಟರಿನ ಒಂದು ಕಡ್ಡಿಯನ್ನು ಎಂಜಿನಿನ ಶುದ್ಧ ಲೋಹಕ್ಕೆ ಒತ್ತಿ, ಮತ್ತೊಂದನ್ನು ಸ್ವಿಚ್ಚಿನ ಕಡೆಯ ತುದಿಗೆ ಮುಟ್ಟಿಸಿ ಇಗ್ನಿಷನ್ ಹಾಕಿರಿ. ಏನೂ ಇಲ್ಲವೆ? ಹಾಗಾದರೆ ವಿದ್ಯುತ್ತು ಕಾಯಿಲಿನವರೆಗೆ ಬಂದೇ ಇಲ್ಲ. ಸ್ವಿಚ್ಚು, ಫ್ಯೂಸು, ಸಡಿಲವಾದ ಕೂಡಿಕೆ ಇವುಗಳನ್ನು ಹುಡುಕಬೇಕು. ಕಳ್ಳರ ಭಯದಿಂದ ಹಿಂದಿನ ಮಾಲೀಕರು ಡ್ಯಾಷ್‌ಬೋರ್ಡಿನ ಅಡಿಯಲ್ಲಿ ಗುಪ್ತ ಸ್ವಿಚ್ಚೊಂದನ್ನು ಅಳವಡಿಸಿ, ಮಾರುವಾಗ ಆ ಗುಟ್ಟನ್ನು ಹೇಳಲು ಮರೆತಿರುವುದೂ ಉಂಟು.

12 ವೋಲ್ಟ್ ತೋರಿದರೆ ಅಷ್ಟಕ್ಕೇ ತೃಪ್ತಿಪಡಬಾರದು. ಪ್ರವಾಹವೇ ಹರಿಯದಿರುವಾಗ ತುಕ್ಕು ಹಿಡಿದ ಕೂಡಿಕೆಯೂ ಪೂರ್ತಿ 12 ವೋಲ್ಟನ್ನೇ ತೋರುತ್ತದೆ. ಓಮನ ನಿಯಮವನ್ನು ನೆನೆಯಿರಿ, ಪ್ರವಾಹ ಸೊನ್ನೆಯಾದರೆ ನಿರೋಧದಲ್ಲಿ ನಷ್ಟವೂ ಸೊನ್ನೆ. ಆದುದರಿಂದ ಪಾಯಿಂಟುಗಳು ಮುಚ್ಚಿರುವಂತೆ ಎಂಜಿನನ್ನು ತುಸು ತಿರುಗಿಸಿ ಮತ್ತೊಮ್ಮೆ ಅಳೆಯಬೇಕು. ಆಗಲೂ ಹೆಚ್ಚು ಕಡಮೆ 12 ವೋಲ್ಟೇ ಇದ್ದರೆ ದಾರಿ ಚೆನ್ನಾಗಿದೆ. 6 ವೋಲ್ಟಿಗೆ ಇಳಿದರೆ ದಾರಿಯಲ್ಲಿ ಎಲ್ಲಿಯೋ ಕಾಯಿಲಿನಷ್ಟೇ ನಿರೋಧ, ಅಂದರೆ ಸುಮಾರು 3 ಓಮ್, ಸೇರಿಕೊಂಡಿದೆ ಎಂದರ್ಥ. (ಬ್ಯಾಲಾಸ್ಟ್ ನಿರೋಧಕವಿರುವ ಕಾರುಗಳಲ್ಲಿ ಈ ಇಳಿತ ಸಹಜ, ಆ ವಿಷಯ ಮುಂದೆ ಬರುತ್ತದೆ.)

ಈಗ ಪಾಯಿಂಟುಗಳ ಕಡೆಯ ತುದಿ. ಪಾಯಿಂಟುಗಳು ತೆರೆದಿರುವಾಗ ಇಲ್ಲಿ 12 ವೋಲ್ಟ್, ಮುಚ್ಚಿದಾಗ ಸೊನ್ನೆ ಇರಬೇಕು. ಮುಚ್ಚಿದಾಗಲೂ 12 ವೋಲ್ಟೇ ನಿಂತಿದ್ದರೆ ಪ್ರವಾಹ ಪಾಯಿಂಟುಗಳನ್ನು ದಾಟುತ್ತಿಲ್ಲ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯವಾದ ದೋಷ: ಪಾಯಿಂಟುಗಳ ಮುಖದ ಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆ ಕಟ್ಟಿರುತ್ತದೆ. ಇಗ್ನಿಷನ್ ಆರಿಸಿ, ನಯವಾದ ಅರದಿಂದ ಮೆಲ್ಲಗೆ ಉಜ್ಜಿ, ಬಿಳಿಯ ಕಾಗದದ ಪಟ್ಟಿಯೊಂದನ್ನು ನಡುವೆ ಎಳೆದು ಶುಚಿಮಾಡಿ, ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಸರಿಪಡಿಸಿದರೆ ಎಷ್ಟೋ ಕಾರುಗಳು ಎದ್ದು ಕೂರುತ್ತವೆ. ಅಂತರ ಹೆಚ್ಚಾಗಬಾರದೇಕೆ? ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು. ಒಂದೊಂದಕ್ಕೆ ಸಿಕ್ಕುವ ಅವಧಿ ಸೆಕೆಂಡಿನ ನೂರನೆಯ ಒಂದು ಭಾಗ. ಅದರಲ್ಲಿ ಪಾಯಿಂಟುಗಳು ಮುಚ್ಚಿರುವುದು ಮೂರನೆಯ ಎರಡು ಭಾಗದಷ್ಟು. ಅಂತರ ಹಿಗ್ಗಿದರೆ ಈ ಕಾಲ ಕುಗ್ಗುತ್ತದೆ. ಪ್ರವಾಹ ಪೂರ್ತಿ ಏರುವ ಮೊದಲೇ ಕಡಿದುಹೋಗುತ್ತದೆ.

ಪಾಯಿಂಟುಗಳು ತೆರೆದಿದ್ದರೂ ಆ ತುದಿಯಲ್ಲಿ ಸೊನ್ನೆಯೇ ಇದ್ದರೆ? ಇಲ್ಲಿ ಎರಡು ಸಾಧ್ಯತೆಗಳಿವೆ. ಪ್ರಾಥಮಿಕ ಸುರುಳಿಯೇ ಒಳಗೆ ಕಡಿದಿರಬಹುದು. ಇಲ್ಲವೆ ಡಿಸ್ಟ್ರಿಬ್ಯೂಟರಿನೊಳಗೆ ಎಲ್ಲಿಯೋ ತಂತಿ ಲೋಹಕ್ಕೆ ತಾಗಿ ಶಾರ್ಟ್ ಆಗಿರಬಹುದು. ಎರಡನ್ನೂ ಬೇರ್ಪಡಿಸುವ ಉಪಾಯ ಬಹು ಸುಲಭ. ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಯನ್ನು ಕಾಯಿಲಿನಿಂದ ಬಿಚ್ಚಿ, ಬರಿಯ ತುದಿಯನ್ನು ಅಳೆಯಿರಿ. ಈಗಲೂ ಸೊನ್ನೆಯಾದರೆ ಕಾಯಿಲು ಕೆಟ್ಟಿದೆ. 12 ವೋಲ್ಟ್ ಬಂದರೆ ಕಾಯಿಲು ನಿರಪರಾಧಿ.

ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಕಾಯಿಲನ್ನು ಬದಲಿಸುವವರೇ ಹೆಚ್ಚು. ನಮ್ಮ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರ ಅಂಬಾಸಡರಿನಲ್ಲಿ ಪಾಯಿಂಟುಗಳನ್ನು ಹೊಸದಾಗಿ ಹಾಕಿಸಿದ ದಿನದಿಂದಲೇ ಕಿಡಿ ಮಾಯವಾಗಿತ್ತು. ಹೊಸ ಕಾಯಿಲ್ ಬಂದಿತು, ಫಲವಿಲ್ಲ. ಅದೂ ಕೆಟ್ಟದ್ದಿರಬೇಕೆಂದು ಮತ್ತೊಂದು ಬಂದಿತು. ಕಂಡೆನ್ಸರೂ ಬದಲಾಯಿತು. ಕೊನೆಗೆ ಗುಜರಿಯವನು ಬಂದು ಬೆಲೆ ಹೇಳಿ ಹೋಗಿದ್ದನು. ಮೂವತ್ತು ವರ್ಷ ಜೊತೆಗಿದ್ದ ಗಾಡಿಯನ್ನು ಕೊಡುವ ಮನಸ್ಸಿಲ್ಲದೆ, ಇಟ್ಟುಕೊಳ್ಳುವ ದಾರಿ ಕಾಣದೆ ಮೇಷ್ಟ್ರು ಸಂಕಟಪಡುತ್ತಿದ್ದರು. ನಾವು ಅಳೆದಾಗ ಸ್ವಿಚ್ಚಿನ ಕಡೆ 12.4 ವೋಲ್ಟ್, ಪಾಯಿಂಟಿನ ಕಡೆ ಸೊನ್ನೆ. ತಂತಿ ಬಿಚ್ಚಿದೊಡನೆ ಅಲ್ಲಿಯೂ 12.4. ಕಂಡೆನ್ಸರನ್ನು ಬೇರ್ಪಡಿಸಿದರೂ ತಂತಿಯ ಶಾರ್ಟ್ ಹೋಗಲಿಲ್ಲ. ಉಳಿದುದು ಪಾಯಿಂಟಿನ ಸ್ಪ್ರಿಂಗನ್ನೂ ತಂತಿಯ ತುದಿಯನ್ನೂ ಸೇರಿಸಿ ಹಿಡಿಯುವ ಚಿಕ್ಕ ಕಂಬ ಮಾತ್ರ. ಆ ಕಂಬಕ್ಕೂ ತಂತಿಗೂ ಸಂಪರ್ಕವಾಗದಂತೆ ತಡೆಯುವ ನಿರೋಧಕ ಬಿಲ್ಲೆಯನ್ನು ಮೇಲೆ ಹಾಕುವ ಬದಲು ಯಾರೋ ಕೆಳಗೆ ಹಾಕಿದ್ದರು. ತೊಗರಿಬೇಳೆಯಷ್ಟು ಅಗಲದ ಬಿಲ್ಲೆ! ಅದನ್ನು ಅದರ ಸ್ಥಾನದಲ್ಲಿ ಕೂಡಿಸಿದ ಮೇಲೆ ಎರಡನೆಯ ಸೆಲ್ಫಿಗೆ ಎಂಜಿನು ಹೊತ್ತಿಕೊಂಡಿತು. “ಇಷ್ಟಕ್ಕೇನಪ್ಪಾ ಇಷ್ಟು ದಿನ?” ಎಂದು ಮೇಷ್ಟ್ರು ಕೇಳಿದರು. ತೆಗೆದಿಟ್ಟಿದ್ದ ಹಳೆಯ ಕಾಯಿಲೂ ಪರೀಕ್ಷೆಯಲ್ಲಿ ಸುಸ್ಥಿತಿಯಲ್ಲಿಯೇ ಇತ್ತು.

ಇದಕ್ಕಿಂತ ಕಪಟಿಯಾದ ದೋಷವೊಂದುಂಟು. ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ತಂತಿ ಪ್ರತಿಸಲ ತಳಪಟ್ಟಿ ಅತ್ತಿತ್ತ ಸರಿದಾಗಲೂ ಬಾಗುತ್ತದೆ. ಎಷ್ಟೋ ವರ್ಷ ಬಾಗಿ ಬಾಗಿ ಹೊದಿಕೆಯೊಳಗೇ ತಾಮ್ರದ ಎಳೆಗಳು ಕಡಿದುಹೋಗುತ್ತವೆ. ಹೊರಗಿನಿಂದ ನೋಡಿದರೆ ತಂತಿ ಸರಿಯಾಗಿಯೇ ಇದೆ. ಮೀಟರನ್ನು ಜೋಡಿಸಿಕೊಂಡು ತಂತಿಯನ್ನು ಮೆಲ್ಲಗೆ ಎಳೆದಾಡಿದರೆ ಮಾತ್ರ ಮುಳ್ಳು ಕುಣಿದು ಗುಟ್ಟು ಬಯಲಾಗುತ್ತದೆ.

ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಏನಾಗುತ್ತದೆ ಎಂದು ವಾಚಕರು ಕೇಳಬಹುದು. ಎಂಜಿನು ನಡೆಯುತ್ತದೆ; ಆದರೆ ಚೆನ್ನಾಗಿ ಅಲ್ಲ. ಬಿಸಿಯಾದ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಬೀಳುತ್ತವೆ. ಪ್ಲಗ್ಗಿನಲ್ಲಿ ಹೆಚ್ಚು ಬಿಸಿಯಾಗುವುದು ನಡುವಣ ಕಡ್ಡಿ. ಆದುದರಿಂದ ಅದು ಋಣವಾಗಿರುವಂತೆ ಕಾಯಿಲನ್ನು ಜೋಡಿಸುತ್ತಾರೆ. ತಂತಿಗಳು ಅದಲುಬದಲಾದರೆ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕಾಗಿ, ಚಳಿಯ ಬೆಳಗಿನಲ್ಲಿ ಎಂಜಿನು ಹಟ ಹಿಡಿಯುತ್ತದೆ. ಬ್ಯಾಟರಿಯ ಋಣತುದಿ ಕಾರಿನ ಮೈಗೆ ಸೇರಿದ್ದರೆ ಕಾಯಿಲಿನ ಋಣತುದಿ ಪಾಯಿಂಟುಗಳಿಗೆ ಹೋಗಬೇಕು. ಧನತುದಿ ಮೈಗೆ ಸೇರಿದ್ದರೆ ಕಾಯಿಲಿನ ಧನತುದಿ. 1960ರ ದಶಕದ ನಡುವಿನವರೆಗೆ ಬ್ರಿಟಿಷ್ ಕಾರುಗಳಲ್ಲಿ ಬಹುಪಾಲು ಧನತುದಿಯೇ ಮೈಗೆ ಸೇರಿರುತ್ತಿತ್ತು. ಮುಂದೆ ರೇಡಿಯೋ ಮೊದಲಾದುವನ್ನು ಕೂಡಿಸುವುದಕ್ಕಾಗಿ ಅನೇಕರು ಬ್ಯಾಟರಿಯನ್ನು ತಿರುಗಿಸಿ ಹಾಕಿಸಿಕೊಂಡರು, ಕಾಯಿಲಿನ ತಂತಿಗಳನ್ನು ಮಾತ್ರ ಹಾಗೆಯೇ ಬಿಟ್ಟರು. ‘ಎಸ್‌ಡಬ್ಲ್ಯೂ’, ‘ಸಿಬಿ’ ಗುರುತಿನ ಕಾಯಿಲುಗಳಲ್ಲಿ ಈ ಸಂಗತಿಯನ್ನು ಅವಶ್ಯವಾಗಿ ವಿಚಾರಿಸಬೇಕು.

ಬ್ಯಾಲಾಸ್ಟ್ ನಿರೋಧಕವುಳ್ಳ ಕಾರುಗಳದು ಬೇರೊಂದು ರೀತಿ. ಸೆಲ್ಫ್ ಹೊಡೆಯುವಾಗ ಅದರ ಮೋಟಾರು ಬ್ಯಾಟರಿಯನ್ನು 9 ಅಥವಾ 10 ವೋಲ್ಟಿಗೆ ಎಳೆಯುತ್ತದೆ. ಕಿಡಿ ಅತ್ಯಂತ ಅವಶ್ಯವಾದ ಹೊತ್ತಿನಲ್ಲಿಯೇ ಅದು ಬಡವಾಗುತ್ತದೆ. ಇದಕ್ಕಾಗಿ 1.5 ಓಮಿನ ಕಾಯಿಲನ್ನು ಹಾಕಿ, ಅದರ ದಾರಿಯಲ್ಲಿ ಅಷ್ಟೇ ನಿರೋಧವನ್ನಿರಿಸಿ, ಸೆಲ್ಫ್ ತಿರುಗುವಷ್ಟು ಕಾಲ ಮಾತ್ರ ಆ ನಿರೋಧವನ್ನು ಬಳಸಿಹೋಗುವ ತಂತಿಯೊಂದನ್ನು ಕೊಡುತ್ತಾರೆ. ಸೆಲ್ಫ್ ಹೊಡೆಯುತ್ತಿರುವಾಗ ಹೊತ್ತಿಕೊಂಡ ಎಂಜಿನು ಕೀಲಿಯನ್ನು ಬಿಟ್ಟೊಡನೆ ಸಾಯುತ್ತಿದ್ದರೆ ನಿರೋಧಕವೋ ಅದರ ತಂತಿಯೋ ಕಡಿದಿದೆ ಎಂದು ಹೆಚ್ಚುಕಡಮೆ ನಿಶ್ಚಯವಾಗಿ ಹೇಳಬಹುದು. ಅಂಗಡಿಯಲ್ಲಿ ಕಾಯಿಲ್ ಕೊಳ್ಳುವಾಗಲೂ ಎಚ್ಚರ ಬೇಕು. 1.5 ಓಮಿನ ಕಾಯಿಲನ್ನು ನಿರೋಧಕವಿಲ್ಲದ ಕಾರಿಗೆ ಹಾಕಿದರೆ ಇಗ್ನಿಷನ್ ಹಾಕಿ ನಿಲ್ಲಿಸಿದಾಗ 8 ಆಂಪಿಯರ್ ಹರಿದು ಪಾಯಿಂಟುಗಳು ಸುಡುತ್ತವೆ. 3 ಓಮಿನದನ್ನು ನಿರೋಧಕವಿರುವ ಕಾರಿಗೆ ಹಾಕಿದರೆ ಪ್ರವಾಹ 2.7 ಆಂಪಿಯರಿಗೆ ಇಳಿದು, ಕಿಡಿಯ ಶಕ್ತಿ ಅರ್ಧಕ್ಕಿಂತ ಕಡಮೆಯಾಗುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಕಾಯಿಲಿನ ಮೇಲೆಯೇ ಸಂದೇಹ ನಿಂತರೆ ತಂತಿಗಳನ್ನು ಬಿಚ್ಚಿ ಓಮ್‌ಮೀಟರಿನಿಂದ ಅಳೆಯಬಹುದು: ಸಾಧಾರಣ ಕಾಯಿಲಿನಲ್ಲಿ ಚಿಕ್ಕ ತುದಿಗಳ ನಡುವೆ ಸುಮಾರು 3 ಓಮ್, ಚಿಕ್ಕ ತುದಿಗೂ ನಡುವಣ ಕುಳಿಗೂ ಕೆಲವು ಸಾವಿರ ಓಮ್. ಆದರೆ ತಣ್ಣಗಿರುವಾಗ ಸರಿಯಾದ ಅಂಕಿಗಳನ್ನು ತೋರಿ, ಅರ್ಧಗಂಟೆ ಓಡಿ ಬಿಸಿಯಾದೊಡನೆ ಕೈಕೊಡುವ ಕಾಯಿಲುಗಳಿವೆ. ಅಂಥ ಕಾರು ದಾರಿಯ ನಡುವೆ ನಿಂತು, ಚಹಾ ಕುಡಿದು ಬರುವಷ್ಟರಲ್ಲಿ ಏನೂ ಆಗದಂತೆ ಹೊರಡುತ್ತದೆ. ಆಗ ಮನೆಗೆ ಬಂದು ಅಳೆದು ಪ್ರಯೋಜನವಿಲ್ಲ; ಮೀಟರನ್ನು ಜೊತೆಯಲ್ಲಿಯೇ ಒಯ್ದು, ಕಾರು ನಿಂತ ಸ್ಥಳದಲ್ಲಿ ಕಾಯಿಲು ಇನ್ನೂ ಸುಡುತ್ತಿರುವಾಗಲೇ ಅಳೆಯಬೇಕು.